ಹಿಂದ್‌ಮಾತಾದ ನೀರಿಗೆ ಎಂಥ ನಕ್ಷೆ?

ಜೋರು ಮಳೆ ಹಿಡಿದಾಗ ಮುಂಬೈನ ದಾದರ್-ಪರೇಲ್ ನಡುವಿನ ಹಿಂದ್‌ಮಾತಾದಲ್ಲಿ ಮೊಣಕಾಲುಮಟ್ಟ ನೀರು ನಿಲ್ಲುವುದೇಕೆ ಎಂದರೆ ಒಬ್ಬರು ಮಳೆಯನ್ನು ದೂರುತ್ತಾರೆ, ಇನ್ನೊಬ್ಬರು ಕಡಲಿನ ಉಬ್ಬರವನ್ನು, ಮತ್ತೊಬ್ಬರು ಮೋರಿಯ ಹೂಳನ್ನು. ನಮ್ಮ ನಕ್ಷೆಗಳೂ ಹೀಗೇ, ಕಾರಣಕ್ಕೊಂದು ಬಾಣ ಎಳೆದು ಸುಮ್ಮನಾಗುತ್ತವೆ. ಇಂಥ ಚಿತ್ರ ದಾರಿ ತಪ್ಪಿಸುತ್ತದೆ. ನಗರದ ಹಳೆಯ ಮಳೆನೀರು ಕಾಲುವೆಗಳನ್ನು ಕಟ್ಟಿದ್ದು ತಾಸಿಗೆ 25 ಮಿ.ಮೀ. ಮಳೆಗೆ, ಅದೂ ಇಳಿತದ ಹೊತ್ತಿನ ಲೆಕ್ಕದಲ್ಲಿ. ಹಲವು ಕಾಲುವೆಗಳ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಒಣ ದಿನ ಎಷ್ಟೇ ಉಬ್ಬರ ಬಂದರೂ ಹಿಂದ್‌ಮಾತಾಕ್ಕೆ ಏನೂ ಆಗದು. ಇಳಿತದಲ್ಲಿ ಬಿದ್ದ ಹದ ಮಳೆ ಹರಿದುಹೋಗುತ್ತದೆ. ಜೋರು ಮಳೆ, ಉಬ್ಬರ, ಬಟ್ಟಲಿನಂಥ ತಗ್ಗು ಮೂರೂ ಕೂಡಿದ ಗಳಿಗೆಯಲ್ಲಿ ನೀರಿಗೆ ಹೋಗಲು ಜಾಗವಿರುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸಿಗೆ 944 ಮಿ.ಮೀ. ಮಳೆ ಸುರಿದಾಗಲೂ ಮಧ್ಯಾಹ್ನದ ಉಬ್ಬರ ಅದಕ್ಕೆ ಜೊತೆಗೂಡಿತ್ತು.

ಈ ಮೂರು ಕಾರಣಗಳನ್ನು ಬಿಂದುಗಳಾಗಿಸಿ ಮೂರು ಗೆರೆಗಳಿಂದ ಜೋಡಿಸಿದರೆ ತ್ರಿಕೋನವಾಗುತ್ತದೆ. ಅದು ಇಬ್ಬಿಬ್ಬರ ನಂಟನ್ನು ಹೇಳೀತು, ಮೂವರ ಕೂಟವನ್ನು ಹೇಳದು. ಎಷ್ಟು ಬಿಂದುಗಳನ್ನಾದರೂ ಒಂದೇ ಸಂಬಂಧದೊಳಗೆ ಹಿಡಿಯುವ ರಚನೆಗೆ ಗಣಿತದಲ್ಲಿ ಹೈಪರ್‌ಗ್ರಾಫ್ ಎಂದು ಹೆಸರು. ಫ್ರಾನ್ಸಿನ ಕ್ಲೋದ್ ಬೆರ್ಜ್ 1970ರ ಹೊತ್ತಿಗೆ ಅದಕ್ಕೆ ಗಟ್ಟಿ ಶಾಸ್ತ್ರ ಕಟ್ಟಿದರು. ಮೂರನ್ನೂ ಒಂದು ಬಳೆಯೊಳಗೆ ಸೇರಿಸಿ ಬರೆದರೆ ಮಾತು ಸ್ಪಷ್ಟ. ಆದರೆ ಬಳೆಗಳು ಹತ್ತಾದರೆ ಒಂದರ ಮೇಲೊಂದು ಬಿದ್ದು ಕಣ್ಣು ಕತ್ತಲಿಡುತ್ತದೆ ಎಂಬ ಆಕ್ಷೇಪ ನಿಜವೇ. ಆಗ ಲೋಕಲ್ ರೈಲಿನ ನಕ್ಷೆಯಿಂದ ಕಲಿಯಬೇಕು. ಮುಳುಗುವ ಒಂದೊಂದು ಜಾಗಕ್ಕೂ ಒಂದು ಬಣ್ಣದ ಲೈನು, ಅದರ ಕಾರಣಗಳೇ ಸ್ಟೇಷನ್ನುಗಳು. ಹಿಂದ್‌ಮಾತಾ ಲೈನೂ ಮೀಠಿ ನದಿಯ ಲೈನೂ ‘ಉಬ್ಬರ’ದಲ್ಲಿ ಸಂಧಿಸುತ್ತವೆ, ವೆಸ್ಟರ್ನ್ ಮತ್ತು ಸೆಂಟ್ರಲ್ ದಾದರಿನಲ್ಲಿ ಸಂಧಿಸುವ ಹಾಗೆ. ರೈಲಿನ ಲೈನಿಗೆ ಹಿಂದುಮುಂದಿನ ಕ್ರಮವಿದೆ, ಕಾರಣಗಳ ಗುಂಪಿಗೆ ಇಲ್ಲ. ಅದನ್ನು ನಕ್ಷೆಯ ಮೇಲೇ ಬರೆದು ತಿಳಿಸಲೇಬೇಕು. ಸಾಮಾನ್ಯ ಓದುಗರಿಗೆ ಇದೆಲ್ಲ ತೊಡಕು ಎನ್ನುವವರು ದಿನಾ ಕುರ್ಲಾದಲ್ಲಿ ಇಳಿದು ಹಾರ್ಬರ್ ಗಾಡಿ ಹಿಡಿಯುವ ಲಕ್ಷಾಂತರ ಜನರನ್ನು ಮರೆತಿದ್ದಾರೆ.

ಚಿತ್ರದಲ್ಲಿ ಅಳತೆಗಳಿಲ್ಲವಲ್ಲ ಎಂದು ಎಂಜಿನಿಯರರು ಕೇಳಬಹುದು. ಅಳತೆಯ ಕೆಲಸ ಕೋಷ್ಟಕಗಳದ್ದು. ಯಾವ ಕೋಷ್ಟಕಗಳನ್ನು ಒಟ್ಟಿಗೆ ಬಿಚ್ಚಿಡಬೇಕು ಎಂಬುದನ್ನು ಚಿತ್ರ ತೋರಿಸುತ್ತದೆ. ಹಿಂದ್‌ಮಾತಾಕ್ಕಾಗಿ ಪಾಲಿಕೆ ಕಟ್ಟಿದ ನೆಲದಡಿಯ ಟ್ಯಾಂಕುಗಳನ್ನೇ ನೋಡಿ. ದಾದರಿನ ಪ್ರಮೋದ್ ಮಹಾಜನ್ ಉದ್ಯಾನ ಮತ್ತು ಪರೇಲಿನ ಸೇಂಟ್ ಕ್ಸೇವಿಯರ್ ಮೈದಾನದಡಿ ಅವು ಮಳೆನೀರನ್ನು ಹಿಡಿದಿಟ್ಟುಕೊಂಡು, ಕಡಲು ಇಳಿದ ಮೇಲೆ ಹೊರಬಿಡುತ್ತವೆ. ಅಂದರೆ ಮಳೆಯ ಮತ್ತು ಉಬ್ಬರದ ಕೋಷ್ಟಕಗಳನ್ನು ಒಟ್ಟಿಗೇ ನೋಡಬೇಕು.