ದ್ವೀಪಗಳ ಋತುಚಕ್ರಕ್ಕೆ ಧಕ್ಕೆ ಬೇಡ

ಪ್ರಧಾನಿ ನರೇಂದ್ರ ಮೋದಿ ಅವರು 2024ರ ಜನವರಿಯಲ್ಲಿ ಭೇಟಿ ನೀಡಿದ ಬಳಿಕ ಲಕ್ಷದ್ವೀಪದತ್ತ ದೇಶದ ಪ್ರವಾಸಿಗರ ಗಮನ ಹರಿದಿದೆ. ಅದಕ್ಕೂ ಒಂದು ವರ್ಷ ಮೊದಲೇ ಸುಹೇಲಿ ಮತ್ತು ಕಡ್ಮತ್ ದ್ವೀಪಗಳಲ್ಲಿ ತಲಾ 110 ಕೊಠಡಿಗಳ ಐಷಾರಾಮಿ ವಿಹಾರಧಾಮಗಳ ಯೋಜನೆ ಪ್ರಕಟವಾಗಿತ್ತು. ದ್ವೀಪವಾಸಿಗಳಿಗೆ ಉದ್ಯೋಗ ಮತ್ತು ಆದಾಯ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಟ್ಟು ನೆಲವೇ ಸುಮಾರು 32 ಚದರ ಕಿಲೋಮೀಟರ್ ಇರುವ ಈ ಹವಳದ ದ್ವೀಪಗಳಲ್ಲಿ ಏನನ್ನು ಕಟ್ಟಬೇಕು ಎಂಬುದರಷ್ಟೇ, ಯಾವ ತಿಂಗಳಲ್ಲಿ ಏನನ್ನು ಮಾಡಬಾರದು ಎಂಬುದೂ ಮುಖ್ಯ. ಅಭಿವೃದ್ಧಿಯ ಚರ್ಚೆಯಲ್ಲಿ ಈ ಎರಡನೆಯ ಪ್ರಶ್ನೆಗೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

ಇಲ್ಲಿನ ಜೀವಲೋಕ ನಡೆಯುವುದು ಮುಂಗಾರಿನ ಲಯದಲ್ಲಿ. ಅಕ್ಟೋಬರ್ ಹೊತ್ತಿಗೆ ಕಡಲು ಶಾಂತವಾದೊಡನೆ ಟ್ಯೂನಾ ಮೀನುಗಾರಿಕೆ ಚುರುಕಾಗುತ್ತದೆ. ದೊಡ್ಡ ಬಲೆಗಳಿಂದ ಬಾಚದೆ, ಹವಳದ ದಿಬ್ಬದ ಆಸರೆಯಲ್ಲಿ ಹಿಡಿದ ಪುಟ್ಟ ಜೀವಂತ ಮೀನುಗಳನ್ನು ನೀರಿಗೆ ಎರಚಿ, ಗಾಳದ ಕೋಲಿನಿಂದ ಒಂದೊಂದೇ ಟ್ಯೂನಾ ಎತ್ತುವುದು ಇಲ್ಲಿನ ಪದ್ಧತಿ. ಅದೇ ಸಮಯಕ್ಕೆ ಉತ್ತರ ಏಷ್ಯಾದ ಚಳಿಯಿಂದ ಪಾರಾಗಿ ಬರುವ ವಲಸೆ ಹಕ್ಕಿಗಳು ಮರಳದಂಡೆಗೆ ಇಳಿಯುತ್ತವೆ. ಕವರತ್ತಿಗೆ ಸಮೀಪದ ಪಿಟ್ಟಿ ಎಂಬ ಪುಟ್ಟ ನಿರ್ಜನ ದಿಬ್ಬವಂತೂ ಕಡಲ ಹಕ್ಕಿಗಳು ಮೊಟ್ಟೆಯಿಟ್ಟು ಮರಿಮಾಡುವ ಪಕ್ಷಿಧಾಮ.

ಏಪ್ರಿಲ್ ಮತ್ತು ಮೇ ತಿಂಗಳು ಹವಳಗಳ ಪರೀಕ್ಷಾ ಕಾಲ. ನೀರು ಮಿತಿಮೀರಿ ಕಾದಾಗ ಹವಳದ ಜೀವಿಗಳು ತಮ್ಮೊಳಗೆ ನೆಲೆಸಿ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ. ತಾಪ ಬೇಗ ಇಳಿಯದಿದ್ದರೆ ಸಾಯುತ್ತವೆ. 1998, 2010, 2016 ಮತ್ತು 2024ರಲ್ಲಿ ಈ ಆಘಾತ ತೀವ್ರವಾಗಿತ್ತು. ಅಗತ್ತಿ, ಕಡ್ಮತ್ ಮತ್ತು ಕವರತ್ತಿಗಳಲ್ಲಿ 1998ರಿಂದ ನಡೆದ ಅಧ್ಯಯನದ ಪ್ರಕಾರ ಜೀವಂತ ಹವಳದ ಪ್ರಮಾಣ 24 ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ದ್ವೀಪಕ್ಕೆ ಮರಳನ್ನು ಒದಗಿಸುವುದೂ, ಅಲೆಗಳಿಂದ ಅದನ್ನು ಕಾಯುವುದೂ ಇದೇ ಹವಳದ ದಿಬ್ಬ ಎಂಬುದನ್ನು ಮರೆಯುವಂತಿಲ್ಲ.

ಜೂನ್ ಬಂತೆಂದರೆ ಮನುಷ್ಯರ ಓಡಾಟ ತಗ್ಗುತ್ತದೆ. ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ಸರಕು ಒಯ್ಯುವ ಮಂಜಿಗಳೂ ಮಳೆಗಾಲದಲ್ಲಿ ಲಂಗರು ಹಾಕುತ್ತವೆ. ಹೊರಗಿನವರ ಕಣ್ಣಿಗೆ ಇದು ಬರಿದಾದ ಋತು. ಆದರೆ ಹಸಿರು ಕಡಲಾಮೆಗಳು ಮೊಟ್ಟೆಯಿಡಲು ದಂಡೆಗೆ ಬರುವುದು ಈ ತಿಂಗಳುಗಳಲ್ಲೇ. ಇದನ್ನು ಕಣ್ಣಾರೆ ಕಂಡು ಲೆಕ್ಕವಿಡಲು ಜೀವವಿಜ್ಞಾನಿ ಸತೀಶ್ ಭಾಸ್ಕರ್ 1982ರ ಮಳೆಗಾಲವನ್ನಿಡೀ ಸುಹೇಲಿಯ ನಿರ್ಜನ ದ್ವೀಪದಲ್ಲಿ ಏಕಾಂಗಿಯಾಗಿ ಕಳೆದರು. ಪತ್ನಿಗೆ ಬರೆದ ಪತ್ರವನ್ನು ಅವರು ಬಾಟಲಿಯಲ್ಲಿಟ್ಟು ಕಡಲಿಗೆ ಬಿಟ್ಟಿದ್ದರು. ಅದು ಶ್ರೀಲಂಕಾದ ಮೀನುಗಾರರೊಬ್ಬರ ಕೈಸೇರಿ, ಅವರ ಮೂಲಕ ಮನೆ ತಲುಪಿತು.

ಅದೇ ಸುಹೇಲಿಯಲ್ಲಿ ಈಗ ವಿಹಾರಧಾಮದ ಯೋಜನೆ ಇದೆ. ನೀರಿನ ಮೇಲೆಯೇ ನಿಲ್ಲುವ ವಿಲ್ಲಾಗಳೂ ಅದರ ಭಾಗ. ದಂಡೆಯ ಮೇಲಿನ ದೀಪಗಳು ಮೊಟ್ಟೆಯಿಡಲು ಬರುವ ಆಮೆಯನ್ನು ಹಿಮ್ಮೆಟ್ಟಿಸುತ್ತವೆ. ಆಗಷ್ಟೇ ಹೊರಬಂದ ಮರಿಗಳನ್ನು ಕಡಲಿನ ಬದಲು ನೆಲದತ್ತ ಸೆಳೆಯುತ್ತವೆ. ಮರಳು ಹೆಚ್ಚು ಕಾದರೆ ಹುಟ್ಟುವ ಮರಿಗಳಲ್ಲಿ ಹೆಣ್ಣಿನ ಸಂಖ್ಯೆಯೇ ಏರುತ್ತದೆ. ಜಗತ್ತಿನ ತಾಪವನ್ನು ತಗ್ಗಿಸುವುದು ದ್ವೀಪದ ಆಡಳಿತದ ಕೈಯಲ್ಲಿಲ್ಲ. ದೀಪ ಆರಿಸುವುದು, ದಂಡೆಯ ಗಿಡಮರಗಳನ್ನು ಉಳಿಸುವುದು ಅದರ ಕೈಯಲ್ಲೇ ಇದೆ.

ಸಂರಕ್ಷಣೆಯ ಹೆಸರಿನಲ್ಲಿ ಸ್ಥಳೀಯರನ್ನು ಕಡೆಗಣಿಸುವುದೂ ಸಲ್ಲದು. ಅಗತ್ತಿಯಲ್ಲಿ ಆಮೆಗಳ ಸಂಖ್ಯೆ ಹೆಚ್ಚಿ, ಮೀನಿನ ಮರಿಗಳಿಗೆ ಆಸರೆಯಾದ ಕಡಲಹುಲ್ಲು ಅವುಗಳ ಮೇವಾಗಿ ಕ್ಷೀಣಿಸಿದಾಗ ಮೀನುಗಾರರು ಆಕ್ಷೇಪಿಸಿದ್ದು ಸಕಾರಣವಾಗಿಯೇ ಇತ್ತು. ಯಾವ ತಿಂಗಳಲ್ಲಿ ಯಾವ ಜೀವಿ ಎಲ್ಲಿರುತ್ತದೆ ಎಂಬ ಅರಿವು ಅವರಲ್ಲಿ ತಲೆಮಾರುಗಳಿಂದ ಬಂದಿದೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ನೇತೃತ್ವದ ತಜ್ಞರ ಸಮಿತಿಯು, ಅಭಿವೃದ್ಧಿ ಕಾರ್ಯಗಳು ದ್ವೀಪಗಳ ಸಮಗ್ರ ನಿರ್ವಹಣಾ ಯೋಜನೆಗೆ ಅನುಗುಣವಾಗಿರಬೇಕು, ಚುನಾಯಿತ ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ನಡೆಯಬೇಕು ಎಂದು ಶಿಫಾರಸು ಮಾಡಿತ್ತು. ಅದರ ಆಶಯಕ್ಕೆ ಋತುಮಾನದ ಲೆಕ್ಕಾಚಾರವೂ ಸೇರಬೇಕು.

ಪ್ರತಿ ದ್ವೀಪಕ್ಕೂ ಒಂದು ಜೀವಪಂಚಾಂಗ ಸಿದ್ಧವಾಗಲಿ. ಮೀನುಗಾರರು ಮತ್ತು ವಿಜ್ಞಾನಿಗಳು ಜತೆಗೂಡಿ ಅದನ್ನು ರೂಪಿಸಲಿ. ಆಮೆಗಳು ಮೊಟ್ಟೆಯಿಡುವ ದಂಡೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿರ್ಮಾಣ ಕಾಮಗಾರಿ ಮತ್ತು ದೀಪಗಳಿಗೆ ಕಡ್ಡಾಯ ತಡೆ ಇರಬೇಕು. ಹವಳ ಬಿಳಿಚುವ ಮುನ್ಸೂಚನೆ ಬಂದ ಬೇಸಿಗೆಯಲ್ಲಿ ಹೂಳೆತ್ತುವ ಕೆಲಸವನ್ನು ಸ್ಥಗಿತಗೊಳಿಸಿ, ಮುಳುಗು ವಿಹಾರವನ್ನು ಮಿತಗೊಳಿಸಬೇಕು. ಇವನ್ನು ಪರವಾನಗಿಯ ಷರತ್ತುಗಳಲ್ಲೇ ಸೇರಿಸದಿದ್ದರೆ ಪಾಲನೆಯಾಗುವ ಭರವಸೆ ಇಲ್ಲ. ಇಷ್ಟು ಕಾಲ ಮುಂಗಾರಿನ ಅಬ್ಬರವೇ ಈ ಜೀವಿಗಳಿಗೆ ಕಾವಲಾಗಿತ್ತು. ವರ್ಷವಿಡೀ ಅಲ್ಲಿ ನೆಲೆನಿಲ್ಲುವ ಸಾಮರ್ಥ್ಯವನ್ನು ಮನುಷ್ಯ ಪಡೆದ ಮೇಲೆ, ಆ ಕಾವಲಿನ ಹೊಣೆಯನ್ನು ಕಾನೂನು ಹೊರಬೇಕಾಗುತ್ತದೆ.