ಜೀರ್ಣೋದ್ಧಾರಗೊಂಡ ಕಾರು, ಮಾರುವವನ ಮಾತು

ಹಳೆಯ ಐಷಾರಾಮಿ ಕಾರೊಂದನ್ನು ವರ್ಷಗಟ್ಟಲೆ ಶ್ರಮಿಸಿ ಮೊದಲಿನ ಅಂದಕ್ಕೆ ತಂದವರು ಅದನ್ನು ಮಾರಲು ಹೊರಟಾಗ ಎರಡು ಪದಗಳನ್ನು ಧಾರಾಳವಾಗಿ ಬಳಸುತ್ತಾರೆ. ಒಂದು ‘ಒರಿಜಿನಲ್’, ಇನ್ನೊಂದು ‘ಜೆನ್ಯುಯಿನ್’. ಕನ್ನಡದಲ್ಲಿ ಮೊದಲನೆಯದನ್ನು ಮೂಲ ಎಂದೂ ಎರಡನೆಯದನ್ನು ನೈಜ ಎಂದೂ ಹೇಳಬಹುದು. ಸಂತೆಯ ಮಾತಿನಲ್ಲಿ ಇವೆರಡೂ ಒಂದೇ. ಆದರೆ ನ್ಯಾಯಾಲಯದಲ್ಲಿ ಇವುಗಳ ನಡುವಿನ ಅಂತರ ಒಂದು ಕೋಟಿ ಪೌಂಡುಗಳಷ್ಟಾಗಬಹುದೆಂಬುದನ್ನು 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮುಂದೆ ಬಂದ ‘ಹಬಾರ್ಡ್ ವಿರುದ್ಧ ಮಿಡಲ್‌ಬ್ರಿಡ್ಜ್ ಸಿಮಿಟರ್’ ಮೊಕದ್ದಮೆ ತೋರಿಸಿಕೊಟ್ಟಿತು.

ಮೊಕದ್ದಮೆಯ ಕೇಂದ್ರದಲ್ಲಿದ್ದುದು ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು. ಫ್ರಾನ್ಸಿನ ಲ ಮಾನ್ಸ್ ಎಂಬಲ್ಲಿ ನಡೆಯುವ 24 ಗಂಟೆಗಳ ಓಟದಲ್ಲಿ ಅದು 1929 ಮತ್ತು 1930ರಲ್ಲಿ ಸತತ ಎರಡು ಬಾರಿ ಗೆದ್ದಿತ್ತು. ಎರಡು ಸಲವೂ ಚಾಲಕರಲ್ಲಿ ಒಬ್ಬರು ಬೆಂಟ್ಲಿ ಕಂಪನಿಗೆ ಬಂಡವಾಳ ಹೂಡಿ ಅದರ ಅಧ್ಯಕ್ಷರೂ ಆಗಿದ್ದ ವುಲ್ಫ್ ಬಾರ್ನಾಟೊ. 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಓಟದಲ್ಲಿ ಈ ಕಾರು ಇಳಿಜಾರು ದಂಡೆಯನ್ನು ದಾಟಿ ಉರುಳಿತು. ಚಾಲಕ ಕ್ಲೈವ್ ಡನ್‌ಫೀ ಪ್ರಾಣ ಕಳೆದುಕೊಂಡರು. ಅಷ್ಟರಲ್ಲಾಗಲೇ ಅದಕ್ಕೆ ಎಂಟು ಲೀಟರಿನ ಬೇರೆ ಎಂಜಿನ್ ಬಂದಿತ್ತು. ಅಪಘಾತದ ಬಳಿಕ ಬಾರ್ನಾಟೊ ಅದನ್ನು ಮತ್ತೆ ಕಟ್ಟಿಸಿ, ರಸ್ತೆಯಲ್ಲಿ ಓಡಿಸಲೆಂದು ಮೇಲ್ಛಾವಣಿಯುಳ್ಳ ಕೂಪೆ ಬಾಡಿಯನ್ನು ಕೂರಿಸಿದರು. ಓಟದ ಕುದುರೆ ಶ್ರೀಮಂತರ ಸವಾರಿಯಾಯಿತು. ದಶಕಗಳ ಬಳಿಕ ಅದು ಮತ್ತೊಮ್ಮೆ ರೂಪ ಬದಲಿಸಿ, ಲ ಮಾನ್ಸ್‌ನಲ್ಲಿ ಗೆದ್ದ ಕಾಲದ ತೆರೆದ ಬಾಡಿಯನ್ನು ಹೊತ್ತುಕೊಂಡಿತು.

1990ರಲ್ಲಿ ಈ ಕಾರನ್ನು ಸುಮಾರು ಒಂದು ಕೋಟಿ ಪೌಂಡುಗಳಿಗೆ ಕೊಳ್ಳುವ ಒಪ್ಪಂದವಾಯಿತು. ಒಂದಷ್ಟು ಹಣ, ಇನ್ನುಳಿದದ್ದಕ್ಕೆ ಬೇರೆ ಕಾರುಗಳು ಎಂಬುದು ಕರಾರು. ಆದರೆ ಕೊಳ್ಳುವ ಕಂಪನಿ ಹಿಂಜರಿಯಿತು. ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲ ಎಂಬುದು ಅದರ ವಾದ. ವಾದಕ್ಕೆ ಆಧಾರವೂ ಇತ್ತು. 1929ರಲ್ಲಿ ಗೆದ್ದ ಕಾರಿನ ಭಾಗಗಳೆಂದು ಗುರುತಿಸಬಹುದಾದದ್ದು ಬಹುತೇಕ ಏನೂ ಉಳಿದಿಲ್ಲ; 1930ರ ಕಾರಿನಿಂದ ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಕವಚ, ಸ್ಟಿಯರಿಂಗ್ ಕಂಬ ಇಂಥ ಕೆಲವಷ್ಟೇ ಉಳಿದಿವೆ ಎಂಬ ತಜ್ಞಸಾಕ್ಷ್ಯ ನ್ಯಾಯಾಲಯದ ಮುಂದಿತ್ತು. ಹಾಗಾದರೆ ಮಾರಾಟಕ್ಕಿಟ್ಟದ್ದು ಯಾವ ಕಾರು?

ನ್ಯಾಯಮೂರ್ತಿ ಆಟನ್ ಅವರ ತೀರ್ಪು ಪದಗಳನ್ನು ಚಿನ್ನದ ತಕ್ಕಡಿಯಲ್ಲಿಟ್ಟು ತೂಗಿದಂತಿದೆ. ಈ ಕಾರನ್ನು ‘ಮೂಲ’ ಎಂದು ಕರೆಯಲಾಗದು; ಭಾಗಗಳು ಬದಲಾಗಿವೆ. ಆದರೆ ಇದು ಸತ್ತು ಮರುಹುಟ್ಟು ಪಡೆದದ್ದೂ ಅಲ್ಲ, ನಕಲೂ ಅಲ್ಲ. ಒಂದೊಂದು ಹಂತದಲ್ಲಿ ಒಂದೊಂದು ಭಾಗ ಬದಲಾಗಿದ್ದರೂ ಆ ಹೆಸರಿನ ಕಾರು ಯಾವ ಗಳಿಗೆಯಲ್ಲೂ ಇಲ್ಲವಾಗಿರಲಿಲ್ಲ. ಅದರ ಸ್ಥಾನಕ್ಕೆ ಬೇರೊಂದು ಬಂದಿರಲಿಲ್ಲ. ಅದರ ಚರಿತ್ರೆಯ ಎಳೆ ಎಲ್ಲೂ ಕಡಿದಿಲ್ಲ. ಆದ್ದರಿಂದ ಅದು ‘ನೈಜ’ವಾದ ಓಲ್ಡ್ ನಂಬರ್ ಒನ್ ಎಂದು ಅವರು ನಿರ್ಣಯಿಸಿದರು. ಮಾರುವವರು ಗೆದ್ದರು.

ಕಾಸರಗೋಡಿನ ಓದುಗರಿಗೆ ಈ ತರ್ಕ ಪರಕೀಯವೆನಿಸಲಾರದು. ಊರ ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಗೆದ್ದಲು ಹಿಡಿದ ಪಕ್ಕಾಸುಗಳು ಹೋಗುತ್ತವೆ, ಹಂಚು ಹೋಗಿ ತಾಮ್ರದ ಹೊದಿಕೆ ಬರುತ್ತದೆ, ಸುತ್ತುಪೌಳಿ ಹೊಸದಾಗುತ್ತದೆ. ಬ್ರಹ್ಮಕಲಶದ ಮರುದಿನ ಯಾರೂ ಅದನ್ನು ಬೇರೆ ದೇವಸ್ಥಾನವೆನ್ನುವುದಿಲ್ಲ. ಹಾಗೆಂದು ಹೊಸ ಮಾಡನ್ನು ತೋರಿಸಿ ಇದು ಮುನ್ನೂರು ವರ್ಷದ ಮರವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ತೀರ್ಪು ಗುರುತಿಸಿದ ಭೇದವೂ ಇದೇ.

ಬಾರ್ನಾಟೊ ಅವರದೇ ಇನ್ನೊಂದು ಬೆಂಟ್ಲಿಯ ಕಥೆ ಈ ಎಚ್ಚರವನ್ನು ಮತ್ತೊಂದು ದಿಕ್ಕಿನಿಂದ ಹೇಳುತ್ತದೆ. 1930ರ ಮಾರ್ಚಿನಲ್ಲಿ ಅವರು ಫ್ರಾನ್ಸಿನ ದಕ್ಷಿಣ ತೀರದ ಕಾನ್‌ನಿಂದ ‘ಬ್ಲೂ ಟ್ರೇನ್’ ರೈಲಿನೊಂದಿಗೆ ಪಂತ ಕಟ್ಟಿ ಕಾರಿನಲ್ಲಿ ಹೊರಟು, ರೈಲು ಕ್ಯಾಲೆ ತಲುಪುವ ಮೊದಲೇ ಲಂಡನ್ ಸೇರಿದ್ದರು. ಗರ್ನಿ ನಟಿಂಗ್ ಸಂಸ್ಥೆ ಬಾಡಿ ಕಟ್ಟಿದ, ತಗ್ಗು ಚಾವಣಿಯ ಚೆಲುವಾದ ಕೂಪೆಯೇ ಆ ಕಾರೆಂದು ದಶಕಗಳ ಕಾಲ ಜಗತ್ತು ನಂಬಿತ್ತು. ಚಿತ್ರಕಾರರು ಹಾಗೆಯೇ ಚಿತ್ರಿಸಿದರು. ಆ ಕೂಪೆ ಪಂತದ ವೇಳೆಗೆ ಸಿದ್ಧವೇ ಆಗಿರಲಿಲ್ಲವೆಂದೂ ಓಡಿದ್ದು ಮಲ್ಲಿನರ್ ಸಂಸ್ಥೆಯ ಬಾಡಿಯಿದ್ದ ಸಾಧಾರಣ ನೋಟದ ಸಲೂನ್ ಎಂದೂ ಮುಂದೆ ದಾಖಲೆಗಳಿಂದ ತಿಳಿಯಿತು. ಕೂಪೆಯಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕೆ ಅಂಟಿದ್ದ ಕಥೆಯಲ್ಲಿ ಮಾತ್ರ ದೋಷವಿತ್ತು. ಹಳೆಯ ಕಾರಿನ ಬೆಲೆಯಲ್ಲಿ ಕಥೆಯ ಪಾಲು ದೊಡ್ಡದು. ಆದ್ದರಿಂದಲೇ ಕಥೆಗೂ ರಸೀದಿ ಬೇಕು.

ಭಾರತದ ಕಾನೂನು ಇಲ್ಲಿ ಏನೆನ್ನುತ್ತದೆ? 1930ರ ಸರಕು ಮಾರಾಟ ಅಧಿನಿಯಮ ಇಂಗ್ಲೆಂಡಿನ 1893ರ ಕಾನೂನಿನ ಮಾದರಿಯಲ್ಲಿ ರೂಪುಗೊಂಡದ್ದು. ಅದರ 15ನೆಯ ಪ್ರಕರಣದಂತೆ ವರ್ಣನೆಯ ಮೇಲೆ ಮಾರಿದ ವಸ್ತು ಆ ವರ್ಣನೆಗೆ ಹೊಂದಲೇಬೇಕು. ಹೊಂದದಿದ್ದರೆ ಕೊಂಡವನು ಸಾಮಾನ್ಯವಾಗಿ ಅದನ್ನು ನಿರಾಕರಿಸಬಹುದು. 1872ರ ಕರಾರು ಅಧಿನಿಯಮದ 17ನೆಯ ಪ್ರಕರಣ ಮೌನವನ್ನು ಸಾಮಾನ್ಯವಾಗಿ ವಂಚನೆಯೆನ್ನುವುದಿಲ್ಲ. ಆದರೆ ಹೇಳುವ ಹೊಣೆಯಿದ್ದಾಗ, ಅಥವಾ ಮೌನವೇ ಮಾತಿಗೆ ಸಮನಾದಾಗ, ಅದು ವಂಚನೆಯಾದೀತು. ಕೊಳ್ಳುವವನೂ ಕಣ್ಣುಮುಚ್ಚಿ ಕುಳಿತಿರುವಂತಿಲ್ಲ: ಸಾಮಾನ್ಯ ಎಚ್ಚರದಿಂದ ನಿಜ ತಿಳಿಯಬಹುದಾಗಿದ್ದರೆ, ಮಾರುವವನು ಸುಮ್ಮನಿದ್ದನೆಂಬ ಕಾರಣಕ್ಕೆ ಕರಾರನ್ನು ರದ್ದುಪಡಿಸಲು 19ನೆಯ ಪ್ರಕರಣ ಎಡೆಗೊಡುವುದಿಲ್ಲ.

ಹಳೆಯ ವಾಹನಗಳಿಗೆ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಪ್ರತ್ಯೇಕ ವ್ಯವಸ್ಥೆ ಬಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು. ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆ ಮುಂತಾದ ಉದ್ದೇಶಗಳಿಗಷ್ಟೇ ಅದು ರಸ್ತೆಗಿಳಿಯಬಹುದು, ದಿನನಿತ್ಯದ ಓಡಾಟಕ್ಕಲ್ಲ. ಚಾಸಿಸ್, ಬಾಡಿಯ ಚೌಕಟ್ಟು ಅಥವಾ ಎಂಜಿನನ್ನು ಮಾರ್ಪಡಿಸಿದ್ದರೆ ಈ ಮಾನ್ಯತೆ ಸಿಗುವುದಿಲ್ಲ. ಓಲ್ಡ್ ನಂಬರ್ ಒನ್‌ನಂಥ ಕಾರು ಇಲ್ಲಿ ಅರ್ಜಿ ಹಾಕಿದರೆ ಚರಿತ್ರೆಯ ಎಳೆಯನ್ನಷ್ಟೇ ತೋರಿಸಿ ಗೆಲ್ಲುವುದು ಕಷ್ಟ. ದುರಸ್ತಿಗೆ ಕೈಹಾಕುವ ಮುನ್ನವೇ ಇದನ್ನು ತಿಳಿದಿರುವುದು ಲೇಸು.

ಗಡಿನಾಡಿನವರಿಗೆ ಇನ್ನೊಂದು ಮಾತು. ಮಂಗಳೂರಿನ ಕಾರು ಕಾಸರಗೋಡಿಗೆ ಬರುವುದು, ಇಲ್ಲಿನದು ಅಲ್ಲಿಗೆ ಹೋಗುವುದು ನಿತ್ಯದ ಸಂಗತಿ. ಮೋಟಾರು ವಾಹನ ಅಧಿನಿಯಮದ 50ನೆಯ ಪ್ರಕರಣದಂತೆ ಮಾರಿದವನು ವರ್ಗಾವಣೆಯನ್ನು ರಾಜ್ಯದೊಳಗಾದರೆ 14 ದಿನಗಳಲ್ಲಿ ತಿಳಿಸಬೇಕು. ಹೊರರಾಜ್ಯಕ್ಕಾದರೆ 45 ದಿನಗಳೊಳಗೆ ಎನ್‌ಒಸಿ ಇತ್ಯಾದಿಗಳನ್ನು ಸಲ್ಲಿಸಬೇಕು. ಮಾರಿದ ಕಾರು ಕೈಯಿಂದ ಕೈಗೆ ದಾಟಿ ಅಪಘಾತಕ್ಕೀಡಾದ ‘ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್’ ಪ್ರಕರಣದಲ್ಲಿ, ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಬೀಗದ ಕೈ ಕೊಟ್ಟ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ.

ಜೀರ್ಣೋದ್ಧಾರಗೊಳಿಸಿದ ಕಾರನ್ನು ಮಾರುವವರು ಬಣ್ಣದ ಹೊಳಪಿಗಿಂತ ಮೊದಲು ಒಂದು ಕಡತವನ್ನು ಸಿದ್ಧಪಡಿಸಬೇಕು. ಕೆಲಸ ಆರಂಭಿಸುವ ಮುನ್ನ ತೆಗೆದ ಛಾಯಾಚಿತ್ರಗಳು, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು, ಬದಲಾಯಿಸಿದ ಪ್ರತಿ ಭಾಗದ ರಸೀದಿ, ಹಿಂದಿನ ಒಡೆಯರ ಅನುಕ್ರಮ ಇವೆಲ್ಲ ಅದರಲ್ಲಿರಲಿ. ಒಪ್ಪಂದದಲ್ಲಿ ‘ಮೂಲ’ ಎಂಬ ಪದವನ್ನು ನಿಜಕ್ಕೂ ಮೂಲವಾಗಿ ಉಳಿದ ಭಾಗಗಳಿಗಷ್ಟೇ ಬಳಸಿ, ಉಳಿದದ್ದನ್ನು ‘ಇಂಥ ವರ್ಷದಲ್ಲಿ ಬದಲಾಯಿಸಿದ್ದು’ ಎಂದು ನೇರವಾಗಿ ಬರೆಯಬೇಕು. ಹಾಗೆ ಬರೆದರೆ ಬೆಲೆ ಕುಸಿಯುತ್ತದೆಂಬ ಅಂಜಿಕೆ ಸಹಜ. ಆದರೆ ಹಬಾರ್ಡ್ ಮೊಕದ್ದಮೆಯಲ್ಲಿ ಮಾರಾಟವನ್ನು ಉಳಿಸಿದ್ದು ಬದಲಾಗದ ಬಿಡಿಭಾಗಗಳಲ್ಲ, ಕಾರಿನ ಬದಲಾವಣೆಗಳನ್ನು ಒಂದೊಂದಾಗಿ ಗುರುತಿಸಿ ತೋರಿಸಲು ಸಾಧ್ಯವಾದದ್ದು. ಹಳೆಯ ಮನೆಯನ್ನೋ ಅಜ್ಜನ ಕಾಲದ ಗಡಿಯಾರವನ್ನೋ ಮಾರುವವರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.