ಖಾಸಗಿತನದ ನೆಪ ಮತ್ತು ಸಾರ್ವಜನಿಕ ಹಿತ

ಸರ್ಕಾರದ ಕಡತವೊಂದನ್ನು ಪ್ರಜೆಗೆ ತೋರಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ 2005ರ ಮಾಹಿತಿ ಹಕ್ಕು ಅಧಿನಿಯಮವು ವಿವೇಕದ ಉತ್ತರವನ್ನೇ ನೀಡಿದ್ದಿತು. ಅದರ 8(1)(ಜೆ) ಖಂಡವು ವ್ಯಕ್ತಿಯ ಖಾಸಗಿ ವಿವರಗಳಿಗೆ ರಕ್ಷಣೆಯನ್ನಿತ್ತು, ಆ ರಕ್ಷಣೆಗೆ ಒಂದು ಅಂಕೆಯನ್ನೂ ಇಟ್ಟಿತ್ತು. ಕೇಳಿದ ವಿವರಕ್ಕೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧವಿಲ್ಲದಿದ್ದರೆ, ಅಥವಾ ಅದರ ಪ್ರಕಟನೆಯು ಖಾಸಗಿತನದ ಮೇಲೆ ಅನುಚಿತ ಆಕ್ರಮಣವಾಗುವಂತಿದ್ದರೆ ಮಾತ್ರ ನಿರಾಕರಿಸಬಹುದಾಗಿತ್ತು. ವಿಶಾಲ ಸಾರ್ವಜನಿಕ ಹಿತವು ಬೇಡುವುದಾದರೆ ಅಲ್ಲಿಯೂ ಕೊಡಬೇಕಾಗಿತ್ತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ 44(3)ನೆಯ ಪ್ರಕರಣವು ಈ ಅಂಕೆಯನ್ನೆಲ್ಲ ಅಳಿಸಿ, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದುದು ಎಂಬಷ್ಟನ್ನೇ ಉಳಿಸಿತು. 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂದಿತು.

ಹಳೆಯ ಖಂಡವೇನೂ ಸಡಿಲವಾಗಿರಲಿಲ್ಲ. ನೌಕರನ ಮೇಲಿನ ಶಿಸ್ತುಕ್ರಮದ ಆದೇಶಗಳು, ಆಸ್ತಿಯ ವಿವರಗಳು ವೈಯಕ್ತಿಕವೆಂದು 2012ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಹೇಳಿತ್ತು. ಕೊಡಲೊಲ್ಲದ ಅಧಿಕಾರಿಗೆ ಆಗಲೇ ಬೇಕಾದಷ್ಟು ಆಸರೆಯಿತ್ತು. ರೋಗಿಯ ಕಾಯಿಲೆಯನ್ನೋ ನೊಂದ ಹೆಣ್ಣುಮಗಳ ಹೆಸರನ್ನೋ ಬೀದಿಗೆ ತರಬೇಕೆಂದು ಯಾವ ಸಜ್ಜನನೂ ಬಯಸಲಾರ. ಅವುಗಳನ್ನು ಕಾಪಾಡಲು ಆ ಖಂಡವೇ ಸಾಕಾಗಿತ್ತು.

8(2)ನೆಯ ಉಪಪ್ರಕರಣವು ಹಾಗೆಯೇ ಉಳಿದಿದೆಯಲ್ಲ, ಹಾನಿಗಿಂತ ಸಾರ್ವಜನಿಕ ಹಿತವು ಹೆಚ್ಚಿನದಾದರೆ ಮಾಹಿತಿಯನ್ನು ಕೊಡಬಹುದಲ್ಲ ಎಂಬುದು ಸಮರ್ಥಕರ ವಾದ. ಮಾತು ನಿಜ, ಆದರೆ ಅರ್ಧ ಮಾತ್ರ. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸಿದ ವಿವರವು ಹಿಂದೆ ಈ ವಿನಾಯಿತಿಯ ಒಳಗೇ ಬರುತ್ತಿರಲಿಲ್ಲ. ಈಗ ಕಡತದಲ್ಲಿ ಒಂದು ಹೆಸರಿದ್ದರೂ ನಿರಾಕರಣೆಗೆ ದಾರಿಯಾಯಿತು. ಹಿತವು ಹಾನಿಗಿಂತ ಮಿಗಿಲೆಂದು ವಾದಿಸಿ ಗೆಲ್ಲುವ ಹೊರೆ ಕೇಳಿದವನ ಹೆಗಲಿಗೆ ಬಿದ್ದಿತು. ಅರ್ಜಿದಾರನಿಂದ ಕಾರಣವನ್ನು ಕೇಳಕೂಡದೆಂದು ಅದೇ ಅಧಿನಿಯಮದ 6(2)ನೆಯ ಉಪಪ್ರಕರಣವು ಹೇಳುತ್ತದೆ. ಮುಂಬಾಗಿಲಲ್ಲಿ ಕೇಳಬಾರದ ಕಾರಣವನ್ನು ಹಿತ್ತಿಲ ಬಾಗಿಲಲ್ಲಿ ಕೇಳುವುದು ಯಾವ ನ್ಯಾಯ? ತೂಕವನ್ನು ನೋಡುವವನೂ ಕಡತವನ್ನು ಕಟ್ಟಿಟ್ಟುಕೊಂಡ ಪ್ರಾಧಿಕಾರವೇ. ಮೇಲ್ಮನವಿಯುಂಟು, ಆಯೋಗವುಂಟು, ಅಲ್ಲಿಯವರೆಗೆ ನಡೆಯುವ ಶಕ್ತಿ ಕೂಲಿಕಾರನಿಗುಂಟೇ?

ಕೂಲಿಕಾರನ ಮಾತು ಇಲ್ಲಿ ಆಕಸ್ಮಿಕವಲ್ಲ. ಈ ಹಕ್ಕಿನ ಚಳವಳಿ ಬಲಗೊಂಡದ್ದು ರಾಜಸ್ಥಾನದ ಹಳ್ಳಿಗಳಲ್ಲಿ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರಿನಲ್ಲಿ ಕೋಟ್‌ಕಿರಾನಾದಲ್ಲಿ ಮೊದಲ ಜನಸುನ್‌ವಾಯಿಯನ್ನು, ಎಂದರೆ ಜನರೇ ನಡೆಸುವ ಬಹಿರಂಗ ವಿಚಾರಣೆಯನ್ನು ಏರ್ಪಡಿಸಿತು. ಇಂತಹ ಸಭೆಗಳಲ್ಲಿ ಕಾಮಗಾರಿಯ ಹಾಜರಿ ಪಟ್ಟಿಗಳನ್ನು ಗಟ್ಟಿಯಾಗಿ ಓದಲಾಯಿತು. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ, ಸತ್ತವರ ಹೆಸರಿನಲ್ಲಿ ಕೂಲಿ ಬಟವಾಡೆಯಾಗಿರುವುದು ಊರವರಿಗೆ ತಿಳಿದದ್ದು ಹಾಗೆ. ಹೆಸರುಗಳನ್ನು ಮರೆಮಾಡಿ ಬರಿಯ ಮೊತ್ತವನ್ನು ಓದಿದ್ದರೆ ಆ ಕಳ್ಳತನ ಹೊರಬೀಳುತ್ತಿತ್ತೇ? ಹಾಜರಿ ಪಟ್ಟಿ ಎಂದರೆ ಹೆಸರುಗಳೇ. ಪಡಿತರದ, ಪಿಂಚಣಿಯ ಪಟ್ಟಿಗಳೂ ಅಷ್ಟೆ.

ಬಡವನ ಪಟ್ಟಿಯಂತೆಯೇ ಧನಿಕನ ಪಟ್ಟಿಯೂ ಇದೆ. ಬ್ಯಾಂಕುಗಳ ತಪಾಸಣಾ ವರದಿಗಳನ್ನೂ ಸುಸ್ತಿದಾರರ ವಿವರಗಳನ್ನೂ ಕೊಡಲಾರೆವೆಂದ ಭಾರತೀಯ ರಿಸರ್ವ್ ಬ್ಯಾಂಕಿನ ವಾದವನ್ನು 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಬ್ಯಾಂಕುಗಳ ಹಿತಕ್ಕಿಂತ ಸಾರ್ವಜನಿಕ ಹಿತವನ್ನು ಎತ್ತಿಹಿಡಿಯುವುದೇ ಅದರ ಹೊಣೆಯೆಂದಿತು. ಮುಂದೆ ಸುಸ್ತಿದಾರನು ಒಬ್ಬ ವ್ಯಕ್ತಿಯಾಗಿದ್ದಾನೆಂಬ ಒಂದೇ ಕಾರಣ ಸಾಕಾದೀತು.

ಇದಕ್ಕೆಲ್ಲ ಆಧಾರವಾಗಿ ತೋರಿಸುವುದು 2017ರ ಖಾಸಗಿತನದ ತೀರ್ಪನ್ನು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರು ನ್ಯಾಯಾಲಯದ ಮೆಟ್ಟಿಲೇರಿದ್ದು ಆಧಾರ್ ಯೋಜನೆಯನ್ನು ಪ್ರಶ್ನಿಸಿ, ಪ್ರಜೆಯ ವಿವರಗಳನ್ನು ಪ್ರಭುತ್ವವು ಕೂಡಿಹಾಕುವುದರ ವಿರುದ್ಧ. ಖಾಸಗಿತನವು ಮೂಲಭೂತ ಹಕ್ಕೆಂದ ಒಂಬತ್ತು ನ್ಯಾಯಮೂರ್ತಿಗಳು, ಅದು ಅಬಾಧಿತವಾದ ಹಕ್ಕೆಂದು ಹೇಳಲಿಲ್ಲ. ಪ್ರಭುತ್ವದೆದುರು ಪ್ರಜೆಗೆ ದೊರೆತ ಆ ಗುರಾಣಿಯನ್ನು ಈಗ ಪ್ರಭುತ್ವವೇ ಪ್ರಜೆಯೆದುರು ಹಿಡಿದು ನಿಂತಿದೆ.